ಸಮುದ್ರದ ಪಕ್ಕದ ಮನೆಗೆ ಯಾವ ಫಿನಿಶ್ ನಳ? ಒರೆಸಿ ಒರೆಸಿ ಸಾಕಾಗಿದೆ

ಕೋಡಿಬಾಗದ ಮನೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಆದರೆ ನಮ್ಮ ಮನೆಯಲ್ಲಿ ಒಂದು ವಾರದಿಂದ ಇದೇ ಜಗಳ. ನಾವಿರೋದು ಕಾರವಾರದ ಕೋಡಿಬಾಗದಲ್ಲಿ. ರಾತ್ರಿ ಮಲಗಿದರೆ ಅಲೆಯ ಸದ್ದು ಕೇಳುತ್ತದೆ, ಅಷ್ಟು ಹತ್ತಿರ ಸಮುದ್ರ. ಹಳೇ ಬಚ್ಚಲು ಒಡೆದು ಎರಡು ಬಾತ್‌ರೂಮು ಮಾಡುತ್ತಿದ್ದೇವೆ, ಅಡುಗೆಮನೆಯ ಸಿಂಕೂ ಬದಲಾಗುತ್ತಿದೆ. ಟೈಲ್ಸು, ಕಮೋಡು, ಬಾಗಿಲು ಎಲ್ಲ ಆರಿಸಿ ಆಯಿತು. ನಳ ಮಾತ್ರ ಆಗಿಲ್ಲ.

ಹಿಂದಿನ ಸಲ ಹಾಕಿಸಿದ್ದು ಕ್ರೋಮಿನ ಹೊಳೆಯುವ ನಳಗಳು. ಮೂರು ವರ್ಷ ತುಂಬುವುದರೊಳಗೆ ಮೈತುಂಬ ಚುಕ್ಕೆ, ಬುಡದಲ್ಲಿ ಏನೋ ಹಸಿರು. ಸಿಂಕಿನ ನಳದ ಹಿಡಿಕೆಯಂತೂ ಬೊಬ್ಬೆ ಎದ್ದು ಸಿಪ್ಪೆ ಸುಲಿದ ಹಾಗೆ ಆಯಿತು, ಒಂದು ದಿನ ಯಜಮಾನರ ಬೆರಳೂ ಕೊಯ್ದಿತು. ದಿನಾ ಒರೆಸಿ ಅಂತ ಎಲ್ಲರೂ ಹೇಳುತ್ತಾರೆ. ಯಾರು ಒರೆಸೋದು? ಅವರದು ಶಿಫ್ಟ್ ಕೆಲಸ, ನನ್ನದು ಬೆಳಿಗ್ಗೆ ಎಂಟಕ್ಕೆ ಬಸ್ಸು, ಅತ್ತೆಗೆ ಮಂಡಿನೋವು.

ಈಗ ಅಂಗಡಿಯಲ್ಲಿ ನೋಡಿದರೆ ಮ್ಯಾಟ್ ಕಪ್ಪು, ರೋಸ್ ಗೋಲ್ಡ್, ಬ್ರಶ್ ಮಾಡಿದ ನಿಕ್ಕಲ್, ಆಂಟಿಕ್ ಹಿತ್ತಾಳೆ, ಸ್ಟೀಲು, ತಲೆ ತಿರುಗುತ್ತದೆ. ಬೆಂಗಳೂರಿನಲ್ಲಿರುವ ಮಗಳು ದಿನಕ್ಕೆ ನಾಲ್ಕು ಫೋಟೋ ಕಳಿಸುತ್ತಾಳೆ, ಎಲ್ಲವೂ ಕಪ್ಪು. ಅಂಗಡಿಯವರು ಎಲ್ಲದಕ್ಕೂ ‘ಇದಕ್ಕೇನೂ ಆಗಲ್ಲ ಬಾಯಿ’ ಅಂತಲೇ ಹೇಳುತ್ತಾರೆ. ಹಿಂದಿನ ಸಲವೂ ಅದನ್ನೇ ಹೇಳಿದ್ದರು.

ನನಗೆ ಬೇಕಾದದ್ದು ಇಷ್ಟೇ. ವಾರಕ್ಕೊಮ್ಮೆ ಒರೆಸಿದರೆ ಸಾಕು ಅನ್ನುವಂಥದ್ದು, ಮೀನು ಕೈಯಲ್ಲಿ ಮುಟ್ಟಿದರೂ ಕೂಡಲೇ ಕಲೆ ಕಾಣದಂಥದ್ದು, ಐದಾರು ವರ್ಷ ಮರ್ಯಾದೆಯಿಂದ ಇರುವಂಥದ್ದು. ನೀರು ಅರ್ಧ ನಗರಸಭೆಯದು, ಅರ್ಧ ಬಾವಿಯದು. ಬಾವಿ ನೀರು ಏಪ್ರಿಲ್ ಕೊನೆಗೆ ಸ್ವಲ್ಪ ಸವುಳಾಗುತ್ತದೆ. ಕರಾವಳಿಯಲ್ಲೇ ಇದ್ದು ಬಳಸಿದವರು ಹೇಳಿ ದಯವಿಟ್ಟು.


ಅಂಕೋಲಾ ಪ್ಲಂಬರ್:

ಅಕ್ಕಾ, ಹೊಸದು ಯಾವುದು ಅಂತ ಕೇಳುವ ಮೊದಲು ಹಳೇದು ಯಾಕೆ ಹೋಯಿತು ಅಂತ ನೋಡಿ. ನೀವು ಬರೆದದ್ದರಲ್ಲೇ ಎರಡು ಬೇರೆ ಬೇರೆ ರೋಗ ಕಾಣುತ್ತಿದೆ.

ಜನ ಎಲ್ಲದಕ್ಕೂ ತುಕ್ಕು ಅಂತಾರೆ. ತುಕ್ಕು ಬರೋದು ಕಬ್ಬಿಣಕ್ಕೆ, ಕಂದು ಬಣ್ಣ. ಹಿತ್ತಾಳೆಗೆ ಬರೋದು ಕಿಲುಬು, ಹಳೇ ಚೊಂಬಿನಲ್ಲಿ ಹುಳಿ ಇಟ್ಟರೆ ಹಸಿರು ಬರುತ್ತದಲ್ಲ, ಅದೇ. ನಿಮ್ಮ ನಳದ ಬುಡದಲ್ಲಿ ಹಸಿರು ಇದ್ದರೆ ಮೈ ಹಿತ್ತಾಳೆಯದ್ದೇ, ಅಂಗಡಿಯವರು ಆ ಮಟ್ಟಿಗೆ ಸುಳ್ಳು ಹೇಳಿಲ್ಲ. ಮೇಲಿನ ಲೇಪ ತೆಳುವಾಗಿತ್ತು, ಅಷ್ಟೇ. ಆದರೆ ಹಿಡಿಕೆ ಬೊಬ್ಬೆ ಎದ್ದು ಸಿಪ್ಪೆ ಬಿಟ್ಟಿತು ಅಂದಿರಲ್ಲ, ಅದರ ಒಳಗೆ ಬಿಳಿ ಪುಡಿ ಇತ್ತಾ? ಇದ್ದರೆ ಅದು ಹಿತ್ತಾಳೆ ಅಲ್ಲವೇ ಅಲ್ಲ, ಸತುವಿನ ಎರಕ. ಮೈ ಹಿತ್ತಾಳೆ ಕೊಟ್ಟು ಹಿಡಿಕೆ ಸತುವಿನದು ಕೊಡುವುದು ಈಗ ಮಾಮೂಲಾಗಿದೆ. ಉಪ್ಪು ಗಾಳಿಗೆ ಅದು ನಿಲ್ಲೋದಿಲ್ಲ, ಮೇಲೆ ಯಾವ ಬಣ್ಣ ಬಳಿದರೂ ಅಷ್ಟೇ.

ಕ್ರೋಮ್ ನಳ ಅಂದರೆ ಪೂರ್ತಿ ಕ್ರೋಮ್ ಅಲ್ಲ. ಕೆಳಗೆ ಹಿತ್ತಾಳೆ, ಅದರ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಒಳ್ಳೇ ಮಾಲಿನಲ್ಲಿ ನಿಕ್ಕಲ್ 10 ಮೈಕ್ರಾನ್ ಆಸುಪಾಸು ಇರುತ್ತದೆ, ಕ್ರೋಮ್ ಅರ್ಧ ಮೈಕ್ರಾನೂ ಇರೋದಿಲ್ಲ. ತಲೆಕೂದಲಿನ ದಪ್ಪ 70 ಮೈಕ್ರಾನ್ ಹತ್ತಿರ ಅಂದರೆ ಲೆಕ್ಕ ಹಾಕಿ. ನಮ್ಮ ಕಣ್ಣಿಗೆ ಬೀಳುವ ಹೊಳಪು ಕ್ರೋಮಿನದು, ಕಾವಲು ಕಾಯೋದು ಅಡಿಯ ನಿಕ್ಕಲ್. ಕಡಿಮೆ ರೇಟಿನ ನಳದಲ್ಲಿ ಕದಿಯೋದೂ ಆ ನಿಕ್ಕಲನ್ನೇ. ಸೂಜಿಮೊನೆಯಷ್ಟು ತೂತು ಉಳಿದರೂ ಉಪ್ಪು ಒಳಗೆ ಹೋಗಿ ಹಿತ್ತಾಳೆಯನ್ನು ತಿನ್ನಲು ಶುರು ಮಾಡುತ್ತದೆ. ಮೇಲೆ ನಮಗೆ ಕಾಣೋದು ಬರೀ ಒಂದು ಚುಕ್ಕೆ.

ಅಂಗಡಿಯಲ್ಲಿ ಹೀಗೆ ಮಾಡಿ. ನಳವನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಒಂದೇ ಅಳತೆಯ ಎರಡು ನಳದಲ್ಲಿ ಹಗುರವಾದದ್ದನ್ನು ವಾಪಸ್ ಇಡಿ. ಮತ್ತೆ ತಿರುಗಿಸಿ ಥ್ರೆಡ್ಡಿನ ಒಳಗೆ ಇಣುಕಿ, ಅಲ್ಲಿ ಲೇಪ ಸರಿಯಾಗಿ ಹೋಗಿರೋದಿಲ್ಲ. ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಸತು. ಹಿಡಿಕೆಯನ್ನೂ ಬಿಚ್ಚಿ ತೋರಿಸಿ ಅಂತ ಕೇಳಿ, ನಾಚಿಕೆ ಬೇಡ. ಡಬ್ಬಿಯ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ, ಈ ಥರದ ಹಿತ್ತಾಳೆ ನಳಗಳಿಗೆ ನಂಬರು ಐಎಸ್ 8931. ವಾರಂಟಿ ಕಾರ್ಡನ್ನು ಅಲ್ಲೇ ನಿಂತು ಓದಿ. ದೊಡ್ಡದಾಗಿ ಹತ್ತು ವರ್ಷ ಅಂತ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ಫಿನಿಶಿಗೆ ಬೇರೆ ಲೆಕ್ಕ, ಸಮುದ್ರ ತೀರಕ್ಕೆ ಅನ್ವಯಿಸದು ಅಂತ ಇರುವ ಕಾರ್ಡುಗಳನ್ನು ನಾನು ನೋಡಿದ್ದೇನೆ.

ಇನ್ನೊಂದು. ನಿಮ್ಮ ಹಿಂದಿನ ಬಾತ್‌ರೂಮಿಗೆ ಟೈಲ್ಸ್ ಹಾಕಿದವರು ಕೊನೆಯ ದಿನ ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಹೊಡೆದಿದ್ದರಾ? ಅಷ್ಟರಲ್ಲಿ ನಳ ಕೂರಿಸಿ ಆಗಿತ್ತಾ? ನನ್ನ ಇಪ್ಪತ್ತು ವರ್ಷದ ಅನುಭವದಲ್ಲಿ ಸಮುದ್ರ ಹಾಳು ಮಾಡಿದ ನಳಕ್ಕಿಂತ ಆಸಿಡ್ ಹಾಳು ಮಾಡಿದ ನಳವೇ ಜಾಸ್ತಿ ಅಂತ ನನಗನ್ನಿಸುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನು ಕರಗಿಸುತ್ತದೆ. ಮೇಲೆ ಬೀಳಲೇಬೇಕು ಅಂತಿಲ್ಲ, ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಅದರ ಹೊಗೆ ಸಾಕು. ಮರುದಿನ ನೋಡಿದರೆ ಹೊಸ ನಳ ಮಂಕು. ಮಾಲೀಕರು ಫೋನ್ ಮಾಡಿ ಬೈಯೋದು ನನಗೆ!

ಬಣ್ಣದ ಬಗ್ಗೆ ನಾಳೆ ಬರೆಯುತ್ತೇನೆ, ಈಗ ಒಬ್ಬರ ಮನೆಯಲ್ಲಿ ಟ್ಯಾಂಕ್ ತುಂಬಿ ಹರಿಯುತ್ತಿದೆಯಂತೆ.


ಮಾಜಾಳಿ ಮ್ಯಾಟ್:

ಕಪ್ಪು ತೆಗೆದುಕೊಂಡು ಪಶ್ಚಾತ್ತಾಪ ಪಟ್ಟವನು ನಾನು. ಮೊದಲ ಆರು ತಿಂಗಳು ಬಂದವರೆಲ್ಲ ಕೇಳಿದ್ದೇ ಕೇಳಿದ್ದು, ಎಲ್ಲಿ ತಂದ್ರಿ, ಎಷ್ಟಾಯಿತು. ಎರಡನೇ ಮಳೆಗಾಲ ಕಳೆಯುವಾಗ ನೀರು ಬೀಳುವ ಮೂತಿಯ ಸುತ್ತ ಬಣ್ಣ ಎದ್ದು ಒಳಗಿನ ಹಳದಿ ಕಂಡಿತು. ಆಮೇಲೆ ತಿಳಿದದ್ದು, ನಾನು ತಂದದ್ದು ಸುಮ್ನೆ ಪೇಂಟಿನ ಹಾಗೆ ಪುಡಿ ಬಳಿದು ಸುಟ್ಟ ಕಪ್ಪು. ಕಪ್ಪಿನಲ್ಲೂ ಜಾತಿಗಳಿವೆ ಅಂತ ಆಗ ಯಾರೂ ಹೇಳಲಿಲ್ಲ. ಇನ್ನೊಂದು ಸಂಕಟ, ಸೋಪಿನ ನೊರೆ ಒಣಗಿದರೆ ಕಪ್ಪಿನ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಹೊಳೆಯುವ ಕ್ರೋಮಿಗೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಮುಗಿಯಿತು. ಈ ಮ್ಯಾಟಿನಲ್ಲಿ ಒರೆಸಿದ ಗೆರೆಯೂ ಉಳಿಯುತ್ತದೆ. ಮಗಳಿಗೆ ನನ್ನ ಈ ಮಾತು ತೋರಿಸಿ.


ಯಲಹಂಕದಿಂದ ಅಂಕೋಲೆಯವ:

ನಾನು ಊರು ಬಿಟ್ಟು ಇಲ್ಲಿ ಬಂದವನು, ನನ್ನ ಅನುಭವ ಉಲ್ಟಾ. ಇಲ್ಲಿ ಬೋರ್‌ವೆಲ್ ನೀರು ಗಡಸು, ಹನಿ ಒಣಗಿದಲ್ಲೆಲ್ಲ ಬಿಳಿ ಪೊರೆ. ಕ್ರೋಮ್ ಒಂದೇ ದಿನಕ್ಕೆ ಕಲೆಕಲೆ. ಬ್ರಶ್ ಮಾಡಿದ ನಿಕ್ಕಲ್ ಹಾಕಿಸಿದ ಮೇಲೆ ನೆಮ್ಮದಿ, ಅದರ ಗೀರುಗೀರು ಮೈಯಲ್ಲಿ ಬೆರಳಿನ ಗುರುತೂ ಹನಿ ಕಲೆಯೂ ಅಡಗಿಕೊಳ್ಳುತ್ತವೆ. ವಾರಕ್ಕೊಮ್ಮೆ ವಿನೆಗರ್ ನೀರಿನಲ್ಲಿ ಒರೆಸುತ್ತೇವೆ. ಕಣ್ಣು ಮುಚ್ಚಿ ಬ್ರಶ್ ಫಿನಿಶ್ ತೆಗೆದುಕೊಳ್ಳಿ.


ಶಿರಸಿ ತೋಟದ ಮನೆ:

ಯಲಹಂಕದವರೇ, ನಿಮ್ಮ ಬಿಳಿ ಪೊರೆಯ ಕಥೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಕಡೆ ಇಲ್ಲ ಮಾರಾಯ್ರೆ. ಕೆಂಪುಕಲ್ಲಿನ ನೆಲದ ಬಾವಿ ನೀರು ಮೆದು. ನಮಗಂತೂ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು, ಅದರಲ್ಲಿ ಸೋಪು ಹಚ್ಚಿದರೆ ತೊಳೆದಷ್ಟೂ ಜಾರುತ್ತದೆ. ನಮ್ಮ ರೋಗ ಬೇರೆ. ಜೂನ್ ಬಂತು ಅಂದರೆ ರಾಡಿ ನೀರು, ಅದರ ಜೊತೆ ಕಬ್ಬಿಣದ ಅಂಶ. ಸಿಂಕಿನಲ್ಲಿ, ನಳದ ಮೂತಿಯಲ್ಲಿ ಕೆಂಪು ಗೆರೆ. ಅದು ನಳಕ್ಕೆ ಬಂದ ತುಕ್ಕಲ್ಲ, ನೀರು ತಂದ ತುಕ್ಕು. ಗುರುತಿಸೋದು ಸುಲಭ, ಲಿಂಬೆ ಹೋಳು ತಿಕ್ಕಿ ಕೂಡಲೇ ತೊಳೆದರೆ ಹೋಗುತ್ತದೆ, ಕೆಳಗಿನ ಲೇಪ ಹಾಗೇ ಇರುತ್ತದೆ. ಮೂತಿಯ ಒಳಗಿನ ಜಾಲರಿಯನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಕೊಡವದಿದ್ದರೆ ನೀರು ದಾರದ ಹಾಗೆ ಬರುತ್ತದೆ.

ನಮ್ಮ ಅಂಗಳದ ನಳದ ಪಾಡು ಕೇಳಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದವರು ಅದೇ ಕೈಯಲ್ಲಿ ತಿರುಗಿಸುತ್ತಾರೆ, ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಸುಣ್ಣದ ನೀಲಿ. ಸುಗ್ಗಿಯಲ್ಲಿ ಅಡಿಕೆ ಸುಲಿದವರ ಚೊಗರು ಕೈ. ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಸುಲಿಯುವ ಕತ್ತಿ ನೋಡಿದವರಿಗೆ ಗೊತ್ತು. ಮೈಲುತುತ್ತವಂತೂ ಕಬ್ಬಿಣವನ್ನು ತಿಂದೇ ಬಿಡುತ್ತದೆ. ಔಷಧಿ ಹದ ಬಂತಾ ನೋಡಲು ಕತ್ತಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಅಂಥ ಕೈಗೆ ಯಾವ ರೋಸ್ ಗೋಲ್ಡ್ ಕೊಡೋದು?

ಅಲ್ಲಿ ಇರೋದು ಅಜ್ಜ ಹಾಕಿಸಿದ ಬರೀ ಹಿತ್ತಾಳೆ ನಳ. ಲೇಪವೇ ಇಲ್ಲ, ಹಾಗಾಗಿ ಹೋಗಲು ಲೇಪವೂ ಇಲ್ಲ. ಮಾಮೂಲು ದಿನ ಕಂದು ಕಪ್ಪು, ಹಬ್ಬದ ಹಿಂದಿನ ದಿನ ಯಾರಾದರೂ ಹುಣಸೆಹಣ್ಣು ಹಚ್ಚಿದರೆ ಬಂಗಾರ. ವಾಶರ್ ಮಾತ್ರ ಎಷ್ಟು ಸಲ ಬದಲಾಗಿದೆಯೋ ಲೆಕ್ಕವಿಲ್ಲ. ನನ್ನ ಕೇಳಿದರೆ ಕಡಿಮೆ ಕೆಲಸದ ನಳ ಅಂದರೆ ಅದೇ, ಹೊಳೆಯಲೇಬೇಕು ಅನ್ನುವ ಹಟ ಬಿಟ್ಟರೆ. ಒಂದು ಎಚ್ಚರಿಕೆ, ಆ ಹುಣಸೆಹಣ್ಣಿನ ಉಪಾಯವನ್ನು ಆಂಟಿಕ್ ಹಿತ್ತಾಳೆ ಅಂತ ಮಾರುವ ನಳದ ಮೇಲೆ ಮಾಡಬೇಡಿ. ಅದರಲ್ಲಿ ಹಳೇ ಬಣ್ಣವನ್ನು ಕಾರ್ಖಾನೆಯಲ್ಲೇ ತಂದು ಮೇಲೆ ವಾರ್ನಿಶ್ ಕೊಟ್ಟಿರುತ್ತಾರೆ. ಹುಳಿ ಬಿದ್ದಲ್ಲಿ ಮಾತ್ರ ಬಿಳಚಿ ಚಿಬ್ಬು ಹಿಡಿದ ಹಾಗೆ ಕಾಣುತ್ತದೆ. ನಮ್ಮ ಅತ್ತಿಗೆ ಮಾಡಿ ನೋಡಿ ಆಗಿದೆ.


ಕೋಡಿಬಾಗದ ಮನೆ:

ಪ್ಲಂಬರಣ್ಣ, ನೀವು ನಮ್ಮ ಮನೆಗೆ ಬಂದು ನೋಡಿದ ಹಾಗೆ ಬರೆದಿದ್ದೀರಿ. ಹಳೇ ಹಿಡಿಕೆ ಗುಜರಿ ಚೀಲದಲ್ಲಿತ್ತು, ತೆಗೆದು ಕೆರೆದು ನೋಡಿದೆ. ಒಳಗೆ ಬಿಳಿ ಪುಡಿ, ಕೆಳಗೆ ಬೂದು. ಬುಡದಲ್ಲಿ ಹಸಿರು. ಕಂದು ಇದ್ದದ್ದು ಒಂದು ಸ್ಕ್ರೂವಿನಲ್ಲಿ ಮಾತ್ರ. ಮತ್ತೆ ಆಸಿಡ್, ಹೌದು, ಗೃಹಪ್ರವೇಶದ ಹಿಂದಿನ ದಿನ ಟೈಲ್ಸಿನವರು ಹೊಡೆದಿದ್ದರು. ಕಣ್ಣು ಉರಿದು ನಾವೆಲ್ಲ ಹೊರಗೆ ಓಡಿದ್ದು ನೆನಪಿದೆ. ನಳಕ್ಕೂ ಉರಿದಿತ್ತು ಅಂತ ಈಗ ಗೊತ್ತಾಯಿತು.

ಇವತ್ತು ಇನ್ನೊಂದು ಅಂಗಡಿಗೆ ಹೋದೆವು. ಅವರು ಹೇಳೋದು ಲೇಪದ ತಲೆನೋವೇ ಬೇಡ, ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿನ ನಳ ಹಾಕಿ, 304 ಅನ್ನುವ ಗ್ರೇಡಿನದು, ಜನ್ಮಕ್ಕೆ ಒಂದೇ ಸಾಕು ಅಂತ. ಅಯಸ್ಕಾಂತ ತಂದು ಮುಟ್ಟಿಸಿ ತೋರಿಸಿದರು, ಅಂಟಲಿಲ್ಲ. ರೇಟು ಜಾಸ್ತಿ ಇದೆ, ಆದರೆ ಮಾತು ಸರಿ ಅನ್ನಿಸಿತು. ಇದು ನಿಜವಾ?


ಬೈತಖೋಲ ವರ್ಕ್‌ಶಾಪ್:

ಅರ್ಧ ನಿಜ. ದೋಣಿ ರಿಪೇರಿ ಕೆಲಸದವನು ನಾನು, ಬೈತಖೋಲ ಬಂದರಿನಲ್ಲಿ ಸ್ಟೀಲು ಹೇಗೆ ಸಾಯುತ್ತದೆ ಅಂತ ದಿನಾ ನೋಡುತ್ತೇನೆ.

ಮೊದಲು ಆ ಅಯಸ್ಕಾಂತದ ನಾಟಕ. ಅಂಟದಿದ್ದರೆ 304 ಅಂತ ಅಲ್ಲ. ಅಗ್ಗದ 202 ಕೂಡ ಅಂಟೋದಿಲ್ಲ. 304ರಲ್ಲಿ ನೂರಕ್ಕೆ 18 ಕ್ರೋಮಿಯಂ, 8 ನಿಕ್ಕಲ್. 202ರಲ್ಲಿ ದುಬಾರಿ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬುತ್ತಾರೆ. ನೋಡಲು ಎರಡೂ ಒಂದೇ, ಅಯಸ್ಕಾಂತಕ್ಕೂ ಒಂದೇ, ಸಮುದ್ರದ ಗಾಳಿಗೆ ಮಾತ್ರ ವ್ಯತ್ಯಾಸ ಗೊತ್ತು. ಅದೂ ಅಲ್ಲದೆ ನಿಜವಾದ 304 ಅನ್ನೇ ಬಗ್ಗಿಸಿ ಒತ್ತಿ ಮಾಡಿದ ಜಾಗದಲ್ಲಿ ಅಯಸ್ಕಾಂತ ಸ್ವಲ್ಪ ಎಳೆಯುವುದೂ ಉಂಟು. ಅಂದರೆ ಆ ಪರೀಕ್ಷೆಯಲ್ಲಿ ಒಳ್ಳೇದು ಫೇಲ್ ಆಗಿ ಕೆಟ್ಟದ್ದು ಪಾಸಾಗಬಹುದು. ಬಿಲ್ಲಿನ ಮೇಲೆ ಗ್ರೇಡ್ ಬರೆದುಕೊಡಿ ಅಂತ ಕೇಳಿ. ಆಗ ಅವರ ಮುಖ ನೋಡಿ, ಅದೇ ಪರೀಕ್ಷೆ.

ಈಗ 304 ನಿಜವೇ ಅಂತ ಇಟ್ಟುಕೊಳ್ಳೋಣ. ನಿಮ್ಮ ಹಾಗೆ ಅಲೆ ಕೇಳುವ ದೂರದಲ್ಲಿ ಅದರ ಮೇಲೂ ಕಂದು ಛಾಯೆ ಬರುತ್ತದೆ, ಚಹಾ ಚೆಲ್ಲಿ ಒಣಗಿದ ಹಾಗೆ. ಟೀ ಸ್ಟೇನ್ ಅಂತಲೇ ಅದಕ್ಕೆ ಹೆಸರು. ಅದರಿಂದ ನಳ ತೂತು ಬೀಳೋದಿಲ್ಲ, ನೋಡಲು ಅಸಹ್ಯ ಅಷ್ಟೇ. ಅದನ್ನೂ ಬಹಳ ಮಟ್ಟಿಗೆ ತಡೆಯುವುದು 316, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಸೇರಿಸಿರುತ್ತಾರೆ, ದೋಣಿಯ ಫಿಟಿಂಗಿಗೆ ನಾವು ಹುಡುಕೋದು ಅದನ್ನೇ. ಮನೆ ನಳದಲ್ಲಿ 316 ನಮ್ಮ ಕಡೆಯ ಅಂಗಡಿಯಲ್ಲಿ ನಾನು ಕಂಡಿಲ್ಲ.

ಇನ್ನೊಂದು ವಿಚಾರ ಜನರಿಗೆ ಹೊಳೆಯೋದೇ ಇಲ್ಲ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ, ಬಯಲಿನಲ್ಲಿರುವ ಸ್ಟೀಲನ್ನು ಆ ಮಳೆಯೇ ತೊಳೆದುಕೊಡುತ್ತದೆ. ಕೆಡುವುದು ಮಾಡಿನ ಅಡಿ ಇದ್ದದ್ದು. ಗಾಳಿ ಬರುತ್ತದೆ, ಉಪ್ಪು ಕೂರುತ್ತದೆ, ಮಳೆ ತಾಗೋದಿಲ್ಲ. ಉಪ್ಪಿನ ಗುಣ ಗೊತ್ತಲ್ಲ, ಗಾಳಿಯ ಪಸೆ ಎಳೆದುಕೊಂಡು ತಾನೇ ಒದ್ದೆಯಾಗಿ ಕೂರುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಆಷಾಢದಲ್ಲಿ ಏನಾಗುತ್ತದೆ ನೋಡಿ. ಪಶ್ಚಿಮದ ಕಿಟಕಿ ಪಕ್ಕದ ಸಿಂಕು, ಹೊರಗಿನ ಜಗಲಿಯ ನಳ, ಇವೇ ಮೊದಲು ಹೋಗೋದು. ನಿಮ್ಮ ಹಳೇ ನಳಗಳಲ್ಲಿ ಕಿಟಕಿ ಕಡೆಯ ಮೈ ಜಾಸ್ತಿ ಕೆಟ್ಟಿತ್ತಾ, ಗಮನಿಸಿ.

ಹಾಗಾಗಿ ಒರೆಸೋಕೆ ಪುರಸೊತ್ತಿಲ್ಲದಿದ್ದರೆ ಒರೆಸಬೇಡಿ, ತೊಳೆಯಿರಿ. ಬೋಟು ದಡಕ್ಕೆ ಬಂದ ಕೂಡಲೇ ಸಿಹಿನೀರು ಹೊಡೆಯುತ್ತಾರಲ್ಲ, ಹಾಗೆ. ವಾರಕ್ಕೆರಡು ಸಲ ಸ್ನಾನ ಮಾಡುವಾಗ ಒಂದು ಮಗ್ ನೀರು ನಳದ ಮೇಲೆ, ಹಿಂದೆ, ಬುಡಕ್ಕೆ ಸುರಿಯಿರಿ. ಏಪ್ರಿಲ್ ಮೇ ತಿಂಗಳಲ್ಲಿ ಆ ಸವುಳು ನೀರನ್ನೇ ಸುರಿಯಬೇಡಿ ಮತ್ತೆ, ನಗರಸಭೆ ನೀರು ಬಳಸಿ. ಸ್ಟೀಲಿಗೆ ತಂತಿ ಜುಂಗು ಮುಟ್ಟಿಸಲೇಬೇಡಿ, ಅದರ ಕಬ್ಬಿಣದ ಚೂರು ನಳದ ಮೇಲೆ ಉಳಿದು ತುಕ್ಕು ಹಿಡಿಯುತ್ತದೆ, ನೀವು ನಳವನ್ನು ಬೈಯುತ್ತೀರಿ.


ಅಂಕೋಲಾ ಪ್ಲಂಬರ್:

ವರ್ಕ್‌ಶಾಪ್ ಅಣ್ಣನ ಮಾತಿಗೆ ನನ್ನ ಒಪ್ಪಿಗೆ. ಬಣ್ಣದ ಕಥೆ ಬಾಕಿ ಇತ್ತಲ್ಲ.

ಅಕ್ಕಾ, ಪಿವಿಡಿ ಅನ್ನುವ ಮಾತನ್ನು ಅಂಗಡಿಯಲ್ಲಿ ಕೇಳಿರುತ್ತೀರಿ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಜಿರ್ಕೋನಿಯಂ, ಟೈಟಾನಿಯಂ ಥರದ ಲೋಹವನ್ನು ಆವಿ ಮಾಡಿ ನಳದ ಮೇಲೆ ಕೂರಿಸುವ ವಿಧಾನ. ಬಹಳ ಗಟ್ಟಿ, ಗೀರು ಬೇಗ ಬೀಳೋದಿಲ್ಲ, ಬಣ್ಣ ಏಳೋದೂ ಕಡಿಮೆ. ಕಪ್ಪೇ ಬೇಕು, ಬಂಗಾರವೇ ಬೇಕು ಅಂದರೆ ಪಿವಿಡಿ ಆಗಿದ್ದರೆ ಮಾತ್ರ ತೆಗೆದುಕೊಳ್ಳಿ, ಬಿಲ್ಲಿನಲ್ಲಿ ಬರೆಸಿ. ಆದರೆ ಪಿವಿಡಿ ಪದರವೂ ತೆಳು. ಅದರ ಅಡಿಯ ನಿಕ್ಕಲ್ ಕಳಪೆ ಇದ್ದರೆ ಉಪ್ಪು ಅಲ್ಲೂ ದಾರಿ ಹುಡುಕುತ್ತದೆ. ತೂಕ ಮತ್ತು ಥ್ರೆಡ್ ನೋಡುವ ಕೆಲಸ ತಪ್ಪೋದಿಲ್ಲ.

ಇನ್ನು ಯಾರೂ ಹೇಳದ ಖರ್ಚು. ನಳ ಒಂದು ಬಣ್ಣದ್ದು ತಂದರೆ ಆಂಗಲ್ ಕಾಕ್ (ಗೋಡೆಯ ಪೈಪಿಗೆ ಕೂರಿಸುವ ಸಣ್ಣ ನಳ), ವೇಸ್ಟ್ ಕಪ್ಲಿಂಗ್, ಬಾಟಲ್ ಟ್ರ್ಯಾಪ್, ಹೆಲ್ತ್ ಫಾಸೆಟ್, ಟವೆಲ್ ರಾಡ್ ಎಲ್ಲ ಅದೇ ಬಣ್ಣ ಬೇಕು ಅನ್ನಿಸುತ್ತದೆ. ನಾಲ್ಕು ವರ್ಷದ ಮೇಲೆ ಒಂದು ಆಂಗಲ್ ಕಾಕ್ ಹೋದರೆ ಅದೇ ಛಾಯೆ ಸಿಗೋದಿಲ್ಲ, ಒಬ್ಬರ ರೋಸ್ ಗೋಲ್ಡ್ ಇನ್ನೊಬ್ಬರ ತಾಮ್ರ. ಕ್ರೋಮ್ ಆದರೆ ಭಟ್ಕಳದಿಂದ ಕಾರವಾರದವರೆಗೆ ಯಾವ ಅಂಗಡಿಯಲ್ಲಿ ಬೇಕಾದರೂ ಸಿಗುತ್ತದೆ, ಜೋಡಿಯೂ ಆಗುತ್ತದೆ. ನನ್ನ ಮನೆಯಲ್ಲಿ ಏನಿದೆ ಅಂತ ಕೇಳುತ್ತೀರಾ? ಬಾತ್‌ರೂಮಿನಲ್ಲಿ ದಪ್ಪ ಹಿತ್ತಾಳೆಯ ಸಾದಾ ಕ್ರೋಮ್, ಕೆತ್ತನೆ ಗೆರೆ ಏನೂ ಇಲ್ಲದ ದುಂಡನೆಯ ಮಾದರಿ. ಗೆರೆ ಸಂದು ಇದ್ದಷ್ಟೂ ಉಪ್ಪಿಗೆ ಕೂರಲು ಜಾಗ. ಅಡುಗೆಮನೆಯಲ್ಲಿ ಬ್ರಶ್ ಫಿನಿಶ್, ಅದು ಬೆರಳಿನ ಗುರುತಿಗೆ. ಹೊರಗೆ ಮೀನು ತೊಳೆಯುವಲ್ಲಿ ಬಿಳಿ ಪ್ಲಾಸ್ಟಿಕ್, ಪಿಟಿಎಂಟಿ ಅಂತಾರಲ್ಲ ಅದು. ಲೋಹವೇ ಇಲ್ಲದ ಮೈಗೆ ಉಪ್ಪೇನು ಮಾಡುತ್ತದೆ? ಬಿಸಿಲಿಗೆ ಸ್ವಲ್ಪ ಮಂಕಾಗಿದೆ, ಮೀನಿಗೆ ಬೇಜಾರಿಲ್ಲ.

ಶುಚಿಗೆ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಪಾತ್ರೆ ತಿಕ್ಕುವ ಪುಡಿ, ಹಸಿರು ಸ್ಕ್ರಬ್ಬರ್ ಬೇಡ. ಕಮೋಡಿನ ಆಸಿಡ್ ಬಾಟಲಿಯ ಮುಚ್ಚಳ ಬಿಗಿ ಇರಲಿ, ಬೇಸಿನ್ ಅಡಿ ಇಡಬೇಡಿ, ಅದರ ಹೊಗೆಗೆ ಆಂಗಲ್ ಕಾಕ್ ಸದ್ದಿಲ್ಲದೆ ಹೋಗುತ್ತದೆ. ಅದನ್ನು ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಲೇಬೇಡಿ, ಕ್ಲೋರಿನ್ ಗಾಳಿ ಎದ್ದು ಜೀವಕ್ಕೇ ಅಪಾಯ. ಯಲಹಂಕದ ಅಣ್ಣನ ವಿನೆಗರ್ ಗಡಸು ನೀರಿನ ಪೊರೆಗೆ ಸರಿ, ನಿಮಗೆ ವಾರವಾರ ಬೇಕಾಗಿಲ್ಲ. ಮತ್ತೆ ಈ ಸಲ ಟೈಲ್ಸಿನವರು ತಮ್ಮ ಕೆಲಸ ಮುಗಿಸಿ, ಆಸಿಡ್ ಹೊಡೆಯೋದಿದ್ದರೆ ಹೊಡೆದು, ಎರಡು ಸಲ ನೀರು ಹಾಕಿ ತೊಳೆದು, ಕಿಟಕಿ ತೆರೆದಿಟ್ಟು ಒಂದು ದಿನ ಕಳೆದ ಮೇಲೆ ನಳ ಕೂರಿಸಿ. ಅಲ್ಲಿಯವರೆಗೆ ಡಬ್ಬಿ ಬಿಚ್ಚಲೇಬೇಡಿ.


ಮಾಜಾಳಿ ಮ್ಯಾಟ್:

ಪ್ಲಂಬರ್ ಅಣ್ಣ, ಈ ಮಾತನ್ನೆಲ್ಲ ಎರಡು ವರ್ಷ ಮೊದಲು ಎಲ್ಲಿ ಅಡಗಿಸಿಟ್ಟಿದ್ದಿರಿ.


ಕೋಡಿಬಾಗದ ಮನೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿ ತಂದೆವು. ವರ್ಕ್‌ಶಾಪ್ ಅಣ್ಣ ಹೇಳಿದ ಹಾಗೆ ಗ್ರೇಡ್ ಬಿಲ್ಲಿನಲ್ಲಿ ಬರೆದುಕೊಡಿ ಅಂದೆ. ಅಯಸ್ಕಾಂತದ ಅಂಗಡಿಯವರು ಕಂಪ್ಯೂಟರಿನಲ್ಲಿ ಹಾಗೆಲ್ಲ ಬರೆಯಲು ಬರೋದಿಲ್ಲ ಅಂದರು, ಅಲ್ಲಿಂದ ಎದ್ದು ಬಂದೆವು.

ಬಾತ್‌ರೂಮು ಎರಡಕ್ಕೂ ಸಾದಾ ಕ್ರೋಮ್. ಹಿಡಿಕೆ ಬಿಚ್ಚಿಸಿ ಒಳಗೆ ಹಳದಿ ನೋಡಿದೆ, ಅಂಗಡಿ ಹುಡುಗ ‘ಬಾಯಿ, ನೀವೇನು ಪ್ಲಂಬಿಂಗ್ ಕಲಿತಿದ್ದೀರಾ’ ಅಂದ. ಅಡುಗೆಮನೆಗೆ ಬ್ರಶ್ ಮಾಡಿದ್ದು, ಪಿವಿಡಿ, ಅದಕ್ಕೆ ಸ್ವಲ್ಪ ಕೈ ಬಿಚ್ಚಿದೆ. ಹಿತ್ತಲಿಗೆ ಬಿಳಿ ಪ್ಲಾಸ್ಟಿಕ್. ಅತ್ತೆ ಮಾತ್ರ ಅದನ್ನು ನೋಡಿ ಇಷ್ಟು ಖರ್ಚು ಮಾಡಿ ನನಗೆ ಈ ಆಟಿಗೆಯಾ ಅಂತ ಮುಖ ಗಂಟಿಕ್ಕಿದರು. ಆಮೇಲೆ ಬಂಗಡೆ ತೊಳೆದು, ಮಂಡಿನೋವಿನ ಕೈಗೂ ಹಗುರ ತಿರುಗುತ್ತದೆ ಅಂತ ಅವರೇ ಹೇಳಿದರು. ಮಂಡಿಗೂ ನಳಕ್ಕೂ ಏನು ಸಂಬಂಧ ಅಂತ ನಾನು ಕೇಳಲಿಲ್ಲ.

ಕಿಟಕಿಯ ವಿಷಯ ನಿಜ ಅಣ್ಣಾ. ಹಳೇ ನಳಗಳನ್ನು ಸಾಲಾಗಿ ಇಟ್ಟು ನೋಡಿದೆ, ಸಮುದ್ರದ ಕಡೆಯ ಬಾತ್‌ರೂಮಿನದ್ದು ಒಂದು ಪಕ್ಕ ಪೂರ್ತಿ ಹೋಗಿದೆ, ಗೋಡೆ ಪಕ್ಕ ಇನ್ನೂ ಹೊಳೆಯುತ್ತಿದೆ. ಮಗಳಿಗೆ ಆ ಫೋಟೋ ಕಳಿಸಿದೆ. ಒಂದು ಗಂಟೆ ಉತ್ತರವಿಲ್ಲ, ಆಮೇಲೆ ‘ಸರಿ, ಕನ್ನಡಿಯ ಫ್ರೇಮಾದರೂ ಕಪ್ಪು ಇರಲಿ’ ಅಂತ ಬಂತು.

ಶಿರಸಿಯವರೇ, ನಿಮಗೊಂದು ಪ್ರಶ್ನೆ. ನಿಮ್ಮ ಅಜ್ಜನ ನಳದ ಮಾತು ಓದಿದ ಮೇಲೆ ಅಟ್ಟ ಹುಡುಕಿದೆ, ನಮ್ಮಲ್ಲೂ ಅಂಥದ್ದೊಂದು ಸಿಕ್ಕಿದೆ, ಕಲ್ಲಿನಷ್ಟು ಭಾರ. ತಿರುಗಿಸಲು ಬರುತ್ತಿಲ್ಲ, ಬಿಗಿದು ಕೂತಿದೆ. ಹುಣಸೆ ನೀರಲ್ಲಿ ರಾತ್ರಿ ನೆನೆಸಿಟ್ಟರೆ ಬಿಡುತ್ತದಾ ಅಥವಾ ಬಿಸಿ ಮಾಡಬೇಕಾ?


ಶಿರಸಿ ತೋಟದ ಮನೆ:

ರಾತ್ರಿ ಇಡೀ ಹುಳಿಯಲ್ಲಿ ಇಡಬೇಡಿ ಅಕ್ಕಾ, ಹಿತ್ತಾಳೆಯ ಸತು ಕರಗಿ ಮೈ ಕೆಂಪಗಾಗುತ್ತದೆ. ಥ್ರೆಡ್ಡಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ಎರಡು ದಿನ ಹಾಗೇ ಬಿಡಿ, ಆಮೇಲೆ ಕುದಿಯುವ ನೀರು ಹೊಯ್ದು ಬಟ್ಟೆ ಸುತ್ತಿ ಪಾನಾ ಹಾಕಿ. ಒಳಗಿನ ವಾಶರ್ ಚರ್ಮದ್ದಿರಬಹುದು, ಪುಡಿಯಾಗಿರುತ್ತದೆ. ಹೊಸದು ಹತ್ತು ರೂಪಾಯಿಗೆ ಸಿಗುತ್ತದೆ.